ಕಡಲ ಹದ್ದು ಮತ್ತು ಮಾಸ್ತರರ ಕಿವಿ

ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ಮೇಲೆ, ನನ್ನ ಸೀರೆಗೂ ಮಾಸ್ತರರ ಧೋತರಕ್ಕೂ ನಡುವೆ, ಬೂದು ಬಣ್ಣದ ತುಪ್ಪಳದ ವಸ್ತುವೊಂದು ತಲೆಕೆಳಗಾಗಿ ತೂಗಾಡುತ್ತಿದೆ. ಈಗ ತಾನೇ ತೊಳೆದು ಹಾಕಿ ಬಂದೆ. ಮೊದಲ ಸಲ ಅದನ್ನು ಹೀಗೆ ಒಣಹಾಕಿದ ದಿನ ಪಕ್ಕದ ಮನೆಯ ಮೆಹಬೂಬಿ ಗೋಡೆಯ ಮೇಲಿಂದ ಕತ್ತು ಚಾಚಿ, ಮೂಗಿಗೆ ಸೆರಗು ಹಿಡಿದುಕೊಂಡೇ ವಿಚಾರಿಸಿದ್ದಳು.

"ಅಕ್ಕಾ, ಏನ್ ಸತ್ತೈತ್ರೀ ಅದು?"

"ಸತ್ತಿಲ್ಲವಾ. ಮಾಸ್ತರ ಮೈಕಿನ ಟೊಪಗಿ ಅದು. ತೊಳದ ಹಾಕೇನಿ."

"ಮೈಕಿಗೆ ಯಾಕ್ರೀ ಟೊಪಗಿ?"

"ಗಾಳಿ ಬಡದ್ರ ಅದಕ್ಕ ತ್ರಾಸ ಆಗತೈತಂತ."

"ಗಾಳಿ ಬಡದ್ರ ನನಗೂ ಮೊಣಕಾಲ ಹಿಡಿತಾವು. ನಮ್ಮನ್ಯಾಗ ಯಾರೂ ಟೊಪಗಿ ತರ್ಲಿಲ್ಲ ನೋಡ್ರಿ," ಎಂದು ಮೆಹಬೂಬಿ ಒಳಗೆ ಹೋದಳು. ಸವಣೂರಿನ ವೀಳ್ಯದೆಲೆಯನ್ನೂ ಮಾತನ್ನೂ ಒಟ್ಟಿಗೆ ಅಗಿಯುವ ಹೆಣ್ಣುಮಗಳು ಅವಳು. ಉತ್ತರ ಕಾಯುವ ಪದ್ಧತಿ ಅವಳಲ್ಲಿಲ್ಲ.

ಮಾಸ್ತರರೆಂದರೆ ನನ್ನ ಗಂಡ. ಹಾನಗಲ್ಲಿನಿಂದ ಶಿಗ್ಗಾಂವಿಗೆ ದಿನಾ ಬಸ್ಸು ಹತ್ತಿ ಹೋಗಿ, ಅಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಊರೆಲ್ಲ ಮಾಸ್ತರರು ಅನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಗಂಡನ ಹೆಸರು ಹೇಳಬಾರದೆಂದು ಅವ್ವ ಹೇಳಿಕೊಟ್ಟದ್ದನ್ನು ನಡೆಸಿದಂತೆಯೂ ಆಯಿತು. ನಿವೃತ್ತಿಯಾದ ಮೇಲೆ ಗಂಡಸರು ಏನು ಮಾಡುತ್ತಾರೆಂದು ನಿಮಗೂ ಗೊತ್ತಿದೆ. ಕೆಲವರು ಕಟ್ಟೆಯ ಮೇಲೆ ಕೂತು ದೇಶ ನಡೆಸುತ್ತಾರೆ. ಕೆಲವರು ಅಡುಗೆಮನೆಗೆ ಬಂದು ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತು ಅನ್ನುತ್ತಾರೆ. ಮಾಸ್ತರರು ಇವೆರಡನ್ನೂ ಮಾಡದೆ ನನಗೆ ಉಪಕಾರ ಮಾಡಿದರು. ಆದರೆ ಒಂದು ಮೈಕು, ಅದಕ್ಕೊಂದು ಟೊಪ್ಪಿಗೆ, ಅಂಗೈಯಗಲದ ರೆಕಾರ್ಡರು, ಕಿವಿಗೆ ಬಟ್ಟಲಿನಂಥ ಹೆಡ್‌ಫೋನು ತರಿಸಿಕೊಂಡು, ಇನ್ನು ಮುಂದೆ ತಾವು ಹಕ್ಕಿಗಳ ದನಿ ಹಿಡಿಯುವುದಾಗಿ ಘೋಷಿಸಿದರು.

ಹಿಡಿಯಲಿ. ಬೇಡ ಅನ್ನಲು ನಾನು ಯಾರು? ತೊಡಕು ಒಂದೇ. ಮಾಸ್ತರರಿಗೆ ಕಿವಿ ಕೇಳಿಸುವುದಿಲ್ಲ.

ಇದು ಹಾನಗಲ್ಲಿಗೆ ಗೊತ್ತು, ಶಿಗ್ಗಾಂವಿಗೆ ಗೊತ್ತು, ಗೋಡೆಯಾಚೆಯ ಮೆಹಬೂಬಿಗೆ ಗೊತ್ತು, ನಮ್ಮ ಮನೆಯ ಕುಕ್ಕರಿಗೂ ಗೊತ್ತು. ಗೊತ್ತಿಲ್ಲದವರು ಅವರೊಬ್ಬರೇ. ಒಂದು ಕಾಲಕ್ಕೆ ಆ ಕಿವಿಗೆ ಎಂಥ ಹೆಸರಿತ್ತೆಂದರೆ, ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಿದ್ದವರು ತಿರುಗಿ ನೋಡದೆಯೇ ಕಡೆಯ ಬೆಂಚಿನಲ್ಲಿ ಪಿಸುಗುಟ್ಟಿದವನ ಹೆಸರು ಹಿಡಿದು ನಿಲ್ಲಿಸುತ್ತಿದ್ದರಂತೆ. ಅಂಥ ಕಿವಿ ಮೆಲ್ಲಗೆ, ಕೆರೆಯ ನೀರು ಇಳಿದ ಹಾಗೆ, ಇಳಿಯಿತು. ಈಗ ಯಾರೇನೇ ಹೇಳಿದರೂ ಮುಖದ ತುಂಬ ನಕ್ಕು "ಹೂಂ ಹೂಂ, ಚಲೋ ಆತು" ಅನ್ನುವುದು ಅವರ ಉಪಾಯ. ನೂರಕ್ಕೆ ತೊಂಬತ್ತು ಮಾತಿಗೆ ಈ ಉತ್ತರ ಸರಿಹೋಗುತ್ತದೆ, ಅದು ಬೇರೆ ಮಾತು. ಉಳಿದ ಹತ್ತರಲ್ಲಿ ಒಂದು, ಅವರ ಚಿಗವ್ವ ತೀರಿಹೋದ ಸುದ್ದಿ ಹೇಳಲು ಬಂದ ಭಾವನ ಮಗನದು. ಅವನು ಹೇಳಿ ಮುಗಿಸಿದ ಕೂಡಲೇ ಇವರು ನಗುನಗುತ್ತ, "ಭಾಳ ಚಲೋ ಆತು. ಚಾ ಕುಡದ ಹೋಗು," ಅಂದರು. ಅವನು ಚಹಾ ಕುಡಿಯಲಿಲ್ಲ. ಆ ಮನೆಯವರು ಈಗಲೂ ನಮಗೆ ಲಗ್ನಪತ್ರಿಕೆಯನ್ನು ಅಂಚೆಯಲ್ಲೇ ಕಳಿಸುತ್ತಾರೆ.

ನನ್ನ ಮೊಣಕಾಲಿನ ನೆವ ಮಾಡಿ ಒಮ್ಮೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ, ಮೊಣಕಾಲಿಗೂ ಕಿವಿಗೂ ವ್ಯತ್ಯಾಸವೇ ಇಲ್ಲವೆನ್ನುವಂತೆ ಕಿವಿಯ ಡಾಕ್ಟರರ ಮುಂದೆ ಕೂಡಿಸಿದೆ. ಡಾಕ್ಟರರು ಪರೀಕ್ಷೆ ಮಾಡಿ ನನ್ನ ಕಡೆ ತಿರುಗಿ ಹೇಳಿದರು: ಈಗಲೇ ಮಷೀನು ಹಾಕಿಸಿದರೆ ಮಾತು ಉಳಿಯುತ್ತದೆ. ವರ್ಷಗಟ್ಟಲೆ ತಡಮಾಡಿದರೆ ಕಿವಿ ಮಾತನ್ನೇ ಮರೆತುಬಿಡುತ್ತದೆ. ಆಮೇಲೆ ಎಂಥ ಮಷೀನು ಹಾಕಿದರೂ ಬರುವುದು ಬರೀ ಗದ್ದಲ, ಅರ್ಥ ಬರುವುದಿಲ್ಲ. ಹೊರಗೆ ಬಂದ ಮೇಲೆ ಮಾಸ್ತರರು ತೀರ್ಪು ಕೊಟ್ಟರು. "ಡಾಕ್ಟರ್ ಹುಷಾರ ಅದಾನ. ಆದ್ರ ಭಾಳ ಸಣ್ಣ ದನಿಯಾಗ ಮಾತಾಡ್ತಾನ." ಅಲ್ಲಿಗೆ ಹುಬ್ಬಳ್ಳಿಯ ಕಥೆ ಮುಗಿಯಿತು. ಮತ್ತೆ ಆ ಹೆಸರೆತ್ತಿದರೆ ಎರಡು ದಿನ ಮುಖ ಗಂಟು ಹಾಕಿಕೊಂಡು ಕೂರುತ್ತಿದ್ದರು.

ಕಿವಿ ಕೇಳದ ಗಂಡನಿಂದ ಲಾಭವೂ ಉಂಟು, ಸುಳ್ಳು ಹೇಳಬಾರದು. ಮದುವೆಯಾದ ಹೊಸದರಲ್ಲಿ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದನ್ನೆಲ್ಲ ನಾನೀಗ ಬಾಯಿಗೆ ತರಬಲ್ಲೆ. ಅವರು ಪೇಪರು ಓದುತ್ತಿರುತ್ತಾರೆ, ನಾನು ಅವರ ಬೆನ್ನ ಹಿಂದೆ ಕಸ ಗುಡಿಸುತ್ತ ಅವರ ವಂಶವನ್ನೂ ಗುಡಿಸುತ್ತೇನೆ. ಗೊಣಗುವುದು ಎಂಥ ಸುಖವೆಂದು ಬಲ್ಲವರೇ ಬಲ್ಲರು. ಆದರೆ ಸುಖಕ್ಕೂ ಒಂದು ಮಿತಿಯಿದೆ. ಮನೆಯಲ್ಲಿ ಬಾಯಿ ಇರುವುದು ಎರಡೇ. ಒಂದು ದಿನ ನಾನು ಎಷ್ಟು ಜೋರಾಗಿ ಕೂಗಿದರೂ ಅವರಿಗೆ ಬರೀ ಗದ್ದಲವೇ ಆಗಿಬಿಟ್ಟರೆ? ಆಗ ನಾನು ಮಾತಾಡುವುದು ಯಾರ ಜೊತೆ? ಈ ಹೆದರಿಕೆ ನನ್ನ ಎದೆಯಲ್ಲಿ ಕೂತಿತ್ತು. ಅದನ್ನು ಅವರಿಗೆ ಹೇಳುವ ದಾರಿ ಕಾಣದೆ, ಕುಹಕವನ್ನೇ ಹೆಚ್ಚುಹೆಚ್ಚು ಆಡುತ್ತ ಹೋದೆ.

ಹಕ್ಕಿಯ ವಿಷಯದಲ್ಲಿ ದೇವರು ನನ್ನ ಜೊತೆ ಮಾಡಿದ ತಮಾಷೆಯನ್ನೂ ಹೇಳಬೇಕು. ನನ್ನ ತವರು ಹಿರೇಕೆರೂರು ಕಡೆಯ ಮಾಸೂರು. ಮದಗದ ಕೆರೆಯ ಕೆಳಗೆ ಅಪ್ಪನ ಹೊಲ. ಕಾಳು ಹಾಲುಗಟ್ಟುವ ಕಾಲಕ್ಕೆ ಹೊಲದ ನಡುವೆ ಅಟ್ಟಣಿಗೆ ಹಾಕಿ ನನ್ನನ್ನು ಹತ್ತಿಸುತ್ತಿದ್ದರು. ಕೈಯಲ್ಲಿ ಕವಣೆ, ಮಡಿಲಲ್ಲಿ ಕಲ್ಲು, ಗಂಟಲಲ್ಲಿ ಕೂಗು. ಕವಣೆ ಬೀಸಲು ನನಗೆ ಕೊನೆಯವರೆಗೂ ಬರಲಿಲ್ಲ, ಕಲ್ಲು ಸದಾ ನಮ್ಮದೇ ಎತ್ತಿನ ಬೆನ್ನ ಮೇಲೆ ಬೀಳುತ್ತಿತ್ತು. ಹಾಗಾಗಿ ಗಂಟಲನ್ನೇ ಬೆಳೆಸಿದೆ. ನಾನು ಒಮ್ಮೆ "ಹೋ" ಎಂದರೆ ಗಿಣಿ, ಗುಬ್ಬಿ, ಬೆಳವ ಎಲ್ಲ ಎದ್ದು ಪಕ್ಕದವರ ಹೊಲಕ್ಕೆ ಹೋಗುತ್ತಿದ್ದವು. ಪಕ್ಕದ ಹೊಲದ ಕಾಕಾ "ನಿನ್ನ ಮಗಳನ್ನ ಲಗೂನ ಲಗ್ನ ಮಾಡಿ ಕೊಡಪಾ" ಎಂದು ಅಪ್ಪನಿಗೆ ಹೇಳಿದ್ದು ನನ್ನ ಮೇಲಿನ ಪ್ರೀತಿಗೇನೂ ಅಲ್ಲ. ಹೀಗೆ ಹಕ್ಕಿಗಳನ್ನು ಓಡಿಸುತ್ತ ದೊಡ್ಡವಳಾದವಳಿಗೆ, ಅವುಗಳ ಹಿಂದೆ ಓಡುವವರೇ ಗಂಟುಬಿದ್ದರು.

ಮೊದಮೊದಲು ಸುತ್ತಲಿನ ಊರುಗಳಲ್ಲೇ ಅವರ ಪ್ರಯೋಗ ನಡೆಯಿತು. ಬಂಕಾಪುರದ ಕೋಟೆಯಲ್ಲಿ ನವಿಲಿನ ದನಿ ಹಿಡಿಯಲು ಹೋದರು. ನಮ್ಮ ಕಡೆ ಒಂದು ಸ್ವಭಾವವಿದೆ, ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದರೆ ಅವನನ್ನು ಹಾಗೇ ಬಿಟ್ಟು ಹೋಗುವುದು ಮರ್ಯಾದೆಯಲ್ಲ. ಮೈಕು ನೆಟ್ಟು ಕೂತ ಮಾಸ್ತರರ ಬಳಿ ದಾರಿಹೋಕರೆಲ್ಲ ನಿಂತರು. "ಸರ್ವೇ ಏನ್ರಿ ಸರ? ರಸ್ತಾ ಅಗಲ ಮಾಡ್ತಾರೇನು?" ಎಂದು ಒಬ್ಬ. "ಯಾವೂರ್ರಿ? ಊಟ ಆತೇನ್ರಿ?" ಎಂದು ಇನ್ನೊಬ್ಬ. ಮಾಸ್ತರರು ನಕ್ಕು "ಹೂಂ, ಚಲೋ ಆತು" ಅಂದರು. ರಸ್ತೆ ಅಗಲವಾಗುವ ಸುದ್ದಿ ಸಂಜೆಯೊಳಗೆ ಬಂಕಾಪುರದ ಪೇಟೆಯನ್ನೆಲ್ಲ ಸುತ್ತಿ ಬಂತು. ಮನೆಗೆ ಬಂದು ನಾನು ಕೇಳಿದಾಗ ಆ ಧ್ವನಿಮುದ್ರಣದಲ್ಲಿ ಒಂದೇ ಒಂದು ನವಿಲು, ಉಳಿದದ್ದೆಲ್ಲ ಯಾರ ಅಂಗಡಿ ಒಡೆಯುತ್ತಾರೆಂಬ ಚರ್ಚೆ. ಗೊಟಗೋಡಿಯ ಶಿಲ್ಪದ ತೋಟಕ್ಕೂ ಮೈಕು ಹೊತ್ತು ಹೋಗಿದ್ದರು, ಆ ಸಲ ನಾನೂ ಜೊತೆಗಿದ್ದೆ. ಅಲ್ಲಿ ಸಿಮೆಂಟಿನಲ್ಲಿ ಮಾಡಿಟ್ಟ ಕೋಳಿಗಳ ಪಕ್ಕದಲ್ಲೇ ಮರದ ಮೇಲೆ ಜೀವಂತ ಕುಟುರ ಹಕ್ಕಿ ಕೂತು ಒಂದೇ ಸಮನೆ ಕೂಗುತ್ತಿತ್ತು. ಮಾಸ್ತರರು ಎರಡನ್ನೂ ಒಂದೇ ರೀತಿ ನೋಡಿ ಮುಂದೆ ಹೋದರು. ನಾನು ನಗಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ.

ಅವತ್ತೇ ನನಗೆ ಅವರ ಉಪಾಯ ಪೂರ್ತಿ ತಿಳಿದದ್ದು. ಅವರು ಹಕ್ಕಿಯನ್ನು ಕೇಳುತ್ತಿರಲಿಲ್ಲ, ನೋಡುತ್ತಿದ್ದರು. ರೆಕಾರ್ಡರಿನ ಗಾಜಿನ ಮೇಲೆ ಸದ್ದಿಗೆ ತಕ್ಕಂತೆ ಹಸಿರು ಗೆರೆಗಳು ಏಳುತ್ತವೆ, ಇಳಿಯುತ್ತವೆ. ಗೆರೆ ಎದ್ದರೆ ಹಕ್ಕಿ ಕೂಗಿತೆಂದು ಅವರ ಲೆಕ್ಕ. ಹೆಡ್‌ಫೋನಿನ ದನಿ ಏರಿಸಲು ಒಂದು ತಿರುಗುಣಿ ಇದೆ. ಅದನ್ನು ಅರ್ಧಕ್ಕಿಂತ ಮೇಲೆ ತಿರುಗಿಸುತ್ತಿರಲಿಲ್ಲ. "ಇಷ್ಟ ಸಾಕು, ನನ್ನ ಕಿವಿ ಚುರುಕ ಐತಿ" ಅನ್ನುವುದು. ಆಮೇಲೆ ನನ್ನ ಕಡೆ ತಿರುಗಿ ಪರೀಕ್ಷೆ ಮಾಡುವವರ ಹಾಗೆ, "ಈಗ ಕೂಗಿದ್ದು ಕೇಳಸ್ತೇನು?" ಎಂದು ಕೇಳುವುದು. ನಾನು ಹೂಂ ಅಂದರೆ ತಾವೂ ಹೂಂ ಅನ್ನುವುದು. ಹೀಗೆ ನನ್ನ ಕಿವಿಯಿಂದ ಕೇಳಿ ಅವರು ಹಕ್ಕಿತಜ್ಞರಾಗುತ್ತಿದ್ದರು.

ಇಷ್ಟರಲ್ಲಿ ಅವರ ಮೊಬೈಲಿನ ಹಕ್ಕಿ ಬಳಗದಲ್ಲಿ ಯಾರೋ ಬರೆದರು: ನಮ್ಮ ಕಡೆಯ ಹಕ್ಕಿಗಳ ದನಿಯೆಲ್ಲ ಆಯಿತು, ಕರಾವಳಿಯ ಬಂಡೆಗಳಲ್ಲಿ ಗೂಡು ಕಟ್ಟುವ ಕಡಲ ಹದ್ದಿನ ದನಿ ಮಾತ್ರ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಹಾವೇರಿ ಜಿಲ್ಲೆಗೆ ಕಡಲೇ ಇಲ್ಲ, ಕಡಲ ಹದ್ದಿನ ದನಿ ಎಲ್ಲಿಂದ ಬರಬೇಕು ಎಂದು ಆ ಬಳಗದಲ್ಲಿ ಒಬ್ಬರೂ ಕೇಳಲಿಲ್ಲ. ಮಾಸ್ತರರು ಕೂಡಲೇ "ನಾನು ತರ್ತೇನಿ" ಎಂದು ಒತ್ತಿಬಿಟ್ಟರು. ಕುಮಟಾದ ಆಚೆ ಒಂದು ಬಂಡೆಗುಡ್ಡ ಇದೆಯೆಂದೂ, ಅಲ್ಲಿ ಜೋಡಿ ಹದ್ದು ಗೂಡು ಕಟ್ಟಿದೆಯೆಂದೂ, ಅವು ಗಂಡು ಹೆಣ್ಣು ಸೇರಿ ಒಟ್ಟಿಗೆ ಕೂಗುತ್ತವೆಂದೂ ತಿಳಿದುಕೊಂಡು ಬಂದರು.

ಅಷ್ಟು ದೂರದ ಸಮುದ್ರವೇ ಯಾಕೆ ಬೇಕಿತ್ತೆಂದು ನನಗೆ ಆಮೇಲೆ ಹೊಳೆಯಿತು. ಸಮುದ್ರದ ದಂಡೆಯಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ. ಅಲ್ಲಿ ಎಲ್ಲರೂ ಕೈ ಕಿವಿಗೆ ಹಚ್ಚಿ "ಆಂ?" ಅನ್ನುವವರೇ. ಅಲ್ಲಿ ಮಾಸ್ತರರೂ ನಾಲ್ಕು ಜನರ ಹಾಗೆ ಇರಬಹುದು. ಇದು ಹೊಳೆದಾಗ ನನಗೆ ಬಹಳ ಸಂಕಟವಾಯಿತು. ಆದರೂ ಬಾಯಲ್ಲಿ ಬಂದದ್ದು, "ಹಾನಗಲ್ಲಿನ ಆನಿಕೆರಿ ಒಳಗ ಹಾರಿ ಬೀಳಾಕ ಬಸ್ ಚಾರ್ಜ್ ಇಲ್ರಿ" ಎಂಬ ಮಾತು. ಅವರು ನಕ್ಕು, ಚಲೋ ಆತು ಅಂದರು.

ಅವರು ಹೊರಡಲು ಆರಿಸಿದ ದಿನವಾದರೂ ಯಾವುದು? ಎಳ್ಳಮಾಸಿ. ನಮ್ಮ ಕಡೆ ಆ ದಿನ ಬೆಳೆದು ನಿಂತ ಹೊಲಕ್ಕೆ, ಬಸುರಿಗೆ ಬಯಕೆಯ ಊಟ ಇಡುವ ಹಾಗೆ, ಊಟ ಒಯ್ಯುತ್ತೇವೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾದ ಹೋಳಿಗೆ, ಕಡುಬು, ಬುತ್ತಿಯನ್ನ. ಪೂಜೆಯಾದ ಮೇಲೆ ಎಲ್ಲವನ್ನೂ ಕಲಸಿ ಹೊಲದ ಸುತ್ತ ಎರಚುತ್ತ ಹೋಗಬೇಕು. ಇದೇ ಚರಗ ಚೆಲ್ಲುವುದು. ಒಬ್ಬರು "ಹುಲ್ಲುಲ್ಲಿಗೋ" ಎಂದರೆ ಇನ್ನೊಬ್ಬರು "ಸಲ್ಲಾಂಬ್ರಿಗೋ" ಅನ್ನಬೇಕು. ಅರ್ಥ ಕೇಳಬೇಡಿ, ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಮಾಸೂರಿನಲ್ಲಿ ನನ್ನ ತಮ್ಮ ದಾರಿ ಕಾಯುತ್ತಿರುತ್ತಾನೆ, ಚರಗ ತಪ್ಪಿಸಬಾರದು ಎಂದೆ. "ಹದ್ದು ತತ್ತಿ ಇಟ್ಟೈತಿ. ಅದು ನಿಮ್ಮ ಅಮಾಸಿ ಗಿಮಾಸಿ ಕೇಳೂದಿಲ್ಲ," ಎಂದರು. ಸರಿ, ನಾನೂ ಕೇಳಲಿಲ್ಲ. ಅಷ್ಟೂ ಅಡುಗೆ ಮಾಡಿ, ಬುಟ್ಟಿಯಲ್ಲಿ ಕಟ್ಟಿ, ಅವರ ಮೈಕಿನ ಚೀಲದ ಪಕ್ಕದಲ್ಲಿಟ್ಟು ಶಿರಸಿ ಘಟ್ಟ ಇಳಿದೆ. ತಿರುವಿಗೊಮ್ಮೆ ಎಣ್ಣೆಗಾಯಿಯ ವಾಸನೆ ಎದ್ದು, ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡುತ್ತಿದ್ದರು.

ಗುಡ್ಡದ ಬುಡಕ್ಕೆ ಬಿಟ್ಟ ಆಟೋದವನು ನಮ್ಮ ಚೀಲ, ಬುಟ್ಟಿ, ನನ್ನ ಮೊಣಕಾಲು ಎಲ್ಲವನ್ನೂ ನೋಡಿ, "ಎಂತಕ್ಕೆ ಹತ್ತುದು ಮಾರಾಯ್ರೆ? ಮೇಲೆ ಎಂತದೂ ಇಲ್ಲ, ಗಾಳಿ ಮಾತ್ರ," ಎಂದ. ಸತ್ಯವಂತ. ಮೇಲೆ ಗಾಳಿ ಎಷ್ಟಿತ್ತೆಂದರೆ ಮಾಸ್ತರರ ಮೈಕಿಗೆ ಟೊಪ್ಪಿಗೆ ಉಳಿಯಿತು, ಮಾಸ್ತರರ ತಲೆಯದು ಅರಬ್ಬಿ ಸಮುದ್ರಕ್ಕೆ ಹೋಯಿತು. ಕೆಳಗೆ ತೆರೆ ಬಂಡೆಗೆ ಬಡಿದು ನೆಲವೇ ಅದುರುತ್ತಿತ್ತು. ಎದುರಿನ ಕಡಿದಾದ ಬಂಡೆಯಲ್ಲಿ, ಬೇರು ಬಿಟ್ಟುಕೊಂಡು ನೇತಾಡುತ್ತಿದ್ದ ಮರವೊಂದರ ಕವಲಿನಲ್ಲಿ, ಹೊರೆ ಕಟ್ಟಿಗೆ ಚೆಲ್ಲಿದಂಥ ಗೂಡು. ಅದರ ಮೇಲೆ ಬಿಳಿ ಎದೆಯ ದೊಡ್ಡ ಹದ್ದು ಕೂತು ನಮ್ಮನ್ನು ನೋಡುತ್ತಿತ್ತು. ನಿಜ ಹೇಳಬೇಕು. ಅಷ್ಟು ಚೆಂದದ ಹಕ್ಕಿಯನ್ನು ನಾನು ಯಾವ ಅಟ್ಟಣಿಗೆಯ ಮೇಲಿಂದಲೂ ನೋಡಿರಲಿಲ್ಲ.

ಮಾಸ್ತರರು ಮೂರು ಕಾಲಿನ ಕೋಲಿಗೆ ಮೈಕು ಸಿಕ್ಕಿಸಿ, ಅದರ ಮೂತಿಯನ್ನು ಗೂಡಿನ ಕಡೆ ತಿರುಗಿಸಿ, ಹಸಿರು ಗೆರೆ ನೋಡುತ್ತ ಕೂತರು. ಗೆರೆ ಎದ್ದಿತು. "ಕೇಳಸ್ತೇನು?" ಎಂದರು ಹೆಮ್ಮೆಯಿಂದ. ಕೇಳಿಸಿತು, ಯಾಕೆ ಕೇಳಿಸಬಾರದು? ನಮ್ಮ ಕಾಲ ಕೆಳಗಿನ ಬಂಡೆಯ ಸಂದಿಯಲ್ಲಿ ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಘಟ್ಟ ಇಳಿದು, ಟೊಪ್ಪಿಗೆ ಕಳೆದುಕೊಂಡು, ಮೊದಲು ಹಿಡಿದ ದನಿ ನಮ್ಮ ಮನೆಯ ಹೆಂಚಿನ ಕೆಳಗಿರುವ ಪಾರಿವಾಳದ್ದೇ. ಆಮೇಲೆ ಇದನ್ನು ಮೆಹಬೂಬಿಗೆ ಹೇಳಿದಾಗ ಅವಳು, "ಯಾ ಅಲ್ಲಾ, ನಮ್ಮ ಸವಣೂರಾಗ ಗ್ವಾಡಿ ಮಾಡಕ್ಕೊಂದ ಪಾರಿವಾಳ ಅದಾವು. ಅಷ್ಟ ದೂರ ಯಾಕ ಹೋಗಿದ್ರಿ?" ಎಂದಳು.

ಹದ್ದು ಮಾತ್ರ ಬಾಯಿ ಬಿಡಲಿಲ್ಲ. ಸೂರ್ಯ ನೆತ್ತಿಗೆ ಬಂದ. ನನಗೆ ಮಾಸೂರಿನ ಹೊಲ ನೆನಪಾಯಿತು, ಈ ಹೊತ್ತಿಗೆ ಅಲ್ಲಿ ಚರಗ ಶುರುವಾಗಿರುತ್ತದೆ. ಗೂಡಿನ ಕಡೆ ನೋಡಿದೆ. ತತ್ತಿಯ ಮೇಲೆ ಕೂತ ಹೆಣ್ಣು ಅದು. ನಾವು ಬಾಣಂತಿಯನ್ನು ನೋಡಲು ಹೋಗುವಾಗ ಬರಿಗೈಯಲ್ಲಿ ಹೋಗುವವರಲ್ಲ. ಇಲ್ಲಿ ಈ ಗಂಡಸು ಬರಿಗೈಯಲ್ಲಿ ಬಂದದ್ದಷ್ಟೇ ಅಲ್ಲ, ಅವಳ ದನಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಲು ಕೂತಿದ್ದಾರೆ. ನನಗೆ ತಡೆಯಲಾಗಲಿಲ್ಲ. ಬುಟ್ಟಿ ಬಿಚ್ಚಿ, ಎಲ್ಲವನ್ನೂ ಕಲಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂಡೆಯ ಅಂಚಿಗೆ ಹೋಗಿ ಎರಚಿದೆ. "ಹುಲ್ಲುಲ್ಲಿಗೋ" ಎಂದೆ. ಇನ್ನೊಂದು ಬಾಯಿ ಅಲ್ಲಿರಲಿಲ್ಲವಾಗಿ, "ಸಲ್ಲಾಂಬ್ರಿಗೋ" ಎಂದೂ ನಾನೇ ಅಂದೆ. ಹಕ್ಕಿ ಕಾದು ಬೆಳೆಸಿದ ಗಂಟಲು, ಸಮುದ್ರವೂ ಒಂದು ಕ್ಷಣ ನಿಂತು ಕೇಳಿತೆಂದು ಕಾಣುತ್ತದೆ.

ಆಮೇಲೆ ಏನಾಯಿತೆಂದರೆ, ಎಲ್ಲಿದ್ದವೋ ಕಾಗೆಗಳು, ಗರುಡಗಳು, ಕುಮಟಾ ತಾಲೂಕಿನವೆಲ್ಲ ಒಟ್ಟಿಗೆ ಬಂದವು. ಹೋಳಿಗೆ ಎತ್ತಿಕೊಂಡವು, ರೊಟ್ಟಿಗೆ ಜಗಳಾಡಿದವು. ಗೂಡಿನ ಹದ್ದು ಸೆಟೆದು ನಿಂತಿತು. ಎಲ್ಲಿಂದಲೋ ಅದರ ಗಂಡೂ ಹಾರಿ ಬಂತು. ಎರಡೂ ಕತ್ತು ಎತ್ತಿ ಕೂಗಿದವು. ಒಂದು ಶುರುಮಾಡಿದರೆ ಇನ್ನೊಂದು ಅದರ ನಡುವೆಯೇ ಸೇರಿಕೊಂಡು, ಎಲ್ಲಿ ಅವನದು ಮುಗಿಯಿತು, ಎಲ್ಲಿ ಇವಳದು ಹತ್ತಿತು ತಿಳಿಯದಂತೆ. ಬಾತಿನ ದನಿಯಂಥ, ಆದರೆ ಎದೆಯೊಳಗೆ ಇಳಿಯುವ ಕೂಗು. ಮಾಸ್ತರರು ದುರ್ಬೀನು ಹಿಡಿದು ಎರಡು ಕೊಕ್ಕುಗಳು ತೆರೆಯುವುದನ್ನು ನೋಡಿದರು, ನಾನು ಕೇಳಿದೆ. ಇಬ್ಬರೂ ಸೇರಿ ಒಂದು ಜೋಡಿ ಹದ್ದನ್ನು ಪೂರ್ತಿ ಮಾಡಿದೆವು.

ಅವರಿಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. "ಗೂಡಿನ ಮುಂದ ಯಾರರ ಹಿಂಗ ಗದ್ಲ ಮಾಡ್ತಾರೇನು? ತತ್ತಿ ಬಿಟ್ಟ ಹೋದ್ರ?" ಎಂದರು. ಅದು ನಿಜವೇ. ನನಗೂ ಹೆದರಿಕೆಯಾಗಿ ಖಾಲಿ ಬುಟ್ಟಿ ಎತ್ತಿಕೊಂಡು ಹಿಂದೆ ಸರಿದೆ. ಸ್ವಲ್ಪ ಹೊತ್ತಿಗೆ ಕಾಗೆಗಳು ಚದುರಿದವು, ಹೆಣ್ಣು ಹದ್ದು ಮತ್ತೆ ತತ್ತಿಯ ಮೇಲೆ ಕೂತಿತು. ಅವು ಪೂರ್ತಿ ಸಮಾಧಾನವಾಗುವವರೆಗೆ ದೂರ ಇರಬೇಕೆಂದು ಮಾಸ್ತರರು ಕೆಳಗಿನ ಬಂಡೆಗೆ ಇಳಿದುಹೋದರು. "ಮಷೀನು ನಡದೈತಿ. ನೀ ಇಲ್ಲೇ ಹಿಂದ ಕುಂದ್ರು. ಪಿಟ್ಟ ಅನ್ನಬ್ಯಾಡ," ಎಂದು ಹೇಳಿ ಹೋದರು.

ಮೈಕಿನ ಮೂತಿ ಹದ್ದಿನ ಕಡೆ ಇತ್ತು, ನಾನು ಕೂತದ್ದು ಅದರ ಬೆನ್ನ ಹಿಂದೆ. ಕ್ಯಾಮೆರಾದ ಹಿಂದೆ ನಿಂತವರು ಫೋಟೋದಲ್ಲಿ ಬರುವುದಿಲ್ಲವಲ್ಲ, ಇದೂ ಹಾಗೇ ಎಂದು ನಾನು ತಿಳಿದೆ. ಕೆಳಗೆ ಮಾಸ್ತರರ ಬೆನ್ನು ಕಾಣುತ್ತಿತ್ತು. ಬೋಳು ತಲೆಗೆ ಬಿಸಿಲು ಬಡಿಯುತ್ತಿತ್ತು. ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಶುರುವಾಯಿತು.

"ಕುಂದರ್ರಿ, ಕುಂದರ್ರಿ. ಕಿವುಡ ಹಕ್ಕಿ ದನಿ ಹಿಡಿಯಾಕ ಬಂದಾನ, ಕುಂಟಿ ಗುಡ್ಡ ಹತ್ಯಾಳ. ಚಲೋ ಜೋಡಿ. ಎರಡ ಹದ್ದ ಕೂಗಿದ್ವು, ಕೇಳಸ್ಲಿಲ್ಲ ನಿಮಗ. ನನಗ ಗೊತ್ತೈತಿ. ಕುಟುರ ಹಕ್ಕಿ ಕೂಗಿದ್ದೂ ಕೇಳಸ್ಲಿಲ್ಲ. ಕೇಳಸೂದಿಲ್ಲ ಅನ್ನಾಕ ಏನ ಕಳ್ಳತನ ಮಾಡೀರೇನ್ರಿ? ಯಾರ ನಗತಾರ? ನಾ ನಗತೇನೇನು? ನಗತೇನಿ, ಖರೆ. ಹೆದರಿಕಿಗೆ ನಗತೇನಿ. ಡಾಕ್ಟರ್ ಹೇಳಿದ್ದು ನನಗೊಬ್ಬಾಕಿಗೇ ಕೇಳಸ್ತು. ನಾಳೆ ನಿಮ್ಮ ಕಿವಿ ನನ್ನ ಮಾತ ಮರತ್ರ, ನಾ ಗ್ವಾಡಿ ಜೋಡಿ ಮಾತಾಡ್ಲೇನು? ಸಿಟ್ಟಿಗೇಳ್ರಿ, ಬೈರಿ, ಆದ್ರ ನನ್ನ ಮಾತಿಗೆ ಬೈರಿ. ಬರೇ ನಗಬ್ಯಾಡ್ರಿ. ಆ ನಗಿ ನೋಡಿದ್ರ ಹೊಟ್ಟಿ ಉರಿತೈತಿ."

ಹೀಗೆ ಇನ್ನೂ ಏನೇನೋ ಅಂದೆ. ಅತ್ತೆಯೂ ಬಂದಳು ಮಾತಿನಲ್ಲಿ, ಅವಳನ್ನು ನಾನು ಎಂದೂ ಬಿಟ್ಟವಳಲ್ಲ. ಹದ್ದು ಮತ್ತೊಮ್ಮೆ ಜೋಡಿಯಾಗಿ ಕೂಗಿತು. ಕಣ್ಣೊರೆಸಿಕೊಂಡೆ. ಮಾಸ್ತರರು ಮೇಲೆ ಹತ್ತಿ ಬಂದು ರೆಕಾರ್ಡರು ನೋಡಿದರು. ಹಸಿರು ಗೆರೆಗಳು ಎಷ್ಟು ಎತ್ತರ ಎದ್ದಿದ್ದವೆಂದು ನನಗೂ ತೋರಿಸಿದರು. "ನೋಡು, ಹದ್ದು ಒಂದ ಸಮನ ಕೂಗೇತಿ. ಇಂಥಾ ರೆಕಾರ್ಡಿಂಗ್ ಯಾರ ಕಡೆನೂ ಇಲ್ಲ," ಎಂದು ಖುಷಿಪಟ್ಟರು. ನಾನು ಹೂಂ ಎಂದೆ.

ಹಾನಗಲ್ಲಿಗೆ ಬಂದ ಮರುದಿನವೇ ಅದನ್ನು ಇದ್ದ ಹಾಗೆ ಬಳಗಕ್ಕೆ ಕಳಿಸಿದರು. ಮೊದಲು ಎಂದಿನಂತೆ ಗುಲಾಬಿ ಹೂವು, ಮುಗಿದ ಕೈ, ಅದ್ಭುತ ಸರ್, ಅಮೋಘ ಸರ್. ಇವರೆಲ್ಲ ಕೇಳದೆಯೇ ಮೆಚ್ಚುವ ಮಹನೀಯರು. ಆಮೇಲೆ ಕೇಳಿದವರ ಸರದಿ ಬಂತು. ಗುಲಾಬಿ ಹೂವು ಬರುವುದು ನಿಂತಿತು. ಕೊನೆಗೆ ತಡಸದಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಅವರ ಹಳೆಯ ವಿದ್ಯಾರ್ಥಿ ಬಸವರಾಜ ಬರೆದ: "ಸರ್, ಹದ್ದು ಚಲೋ ಕೇಳಸ್ತೈತ್ರಿ. ಅಕ್ಕಾರು ಅದಕ್ಕಿಂತ ಚಲೋ ಕೇಳಸ್ತಾರ. ಅವರ ಮಾತ ಒಂದೀಟ ಕೇಳ್ರಿ ಸರ್."

ಮಾಸ್ತರರು ಮೊಬೈಲು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು, "ಏನ ಬರದಾನ ಇವ? ಏನ ಅಂದಿದ್ದಿ ಅಲ್ಲಿ?" ಎಂದು ಕೇಳಿದರು. ಬೆನ್ನ ಹಿಂದೆ ಕೂತವಳ ಮಾತನ್ನೂ ಮೈಕು ಹಿಡಿದಿತ್ತೆಂದು ನನಗೆ ಆಗ ತಿಳಿಯಿತು. ಹೊಲದಲ್ಲಿ ಗಿಣಿ ಓಡಿಸಿದ ಗಂಟಲು, ಒಂದು ಸುಳ್ಳು ಹೇಳಲು ಏಳಲಿಲ್ಲ. ಇಡೀ ಜಿಲ್ಲೆಯ ಮುಂದೆ ಗಂಡನನ್ನು ಕಿವುಡ ಎಂದು ಕರೆದಿದ್ದೆ, ಅತ್ತೆಯ ಸಮೇತ. ಅವರು ನನ್ನ ಮುಖ ನೋಡಿ, ಪಡಸಾಲೆಗೆ ಹೋಗಿ ಹೆಡ್‌ಫೋನು ಹಾಕಿಕೊಂಡು ಕೂತರು.

ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ತಿರುಗುಣಿ ಎಂದಿನಂತೆ ಅರ್ಧಕ್ಕಿತ್ತು. ಅವರು ಗೆರೆ ನೋಡಿದರು. ಹುಬ್ಬು ಗಂಟಿಕ್ಕಿದರು. ಅವರ ಬೆರಳು ತಿರುಗುಣಿಯ ಮೇಲೆ ಬಹಳ ಹೊತ್ತು ಸುಮ್ಮನೆ ಇತ್ತು. ಆಮೇಲೆ ಅದನ್ನು ಸ್ವಲ್ಪ ತಿರುಗಿಸಿದರು. ಇನ್ನೂ ಸ್ವಲ್ಪ. ಕೊನೆಗೆ ಅದು ತಿರುಗುವಷ್ಟೂ ತಿರುಗಿಸಿಬಿಟ್ಟರು. ಆಗ ಕಡಲು, ಕಾಗೆ, ಹದ್ದು, ಅದರ ನಡುವೆ ನನ್ನ ಗೊಣಗಾಟ, ಎಲ್ಲವೂ ಆ ಬಟ್ಟಲುಗಳ ಅಂಚಿನಿಂದ ಸೋರಿ ಒಲೆಯ ತನಕ ಬಂದವು. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಯಾರೋ ಹೆಂಗಸು ಬಹಳ ಹೆದರಿದ್ದಾಳೆ ಅನ್ನಿಸಿತು. ಮುಗಿದ ಮೇಲೆ ಅವರು ಮತ್ತೆ ಮೊದಲಿನಿಂದ ಹಚ್ಚಿದರು.

ಎರಡನೆಯ ಸಲವೂ ಮುಗಿಯಿತು. ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬೈಗುಳಕ್ಕೆ ಸಿದ್ಧಳಾಗಿ ನಾನು ಬಾಗಿಲಿನಲ್ಲಿ ಬಂದು ನಿಂತೆ. ಅವರು ತಲೆ ಎತ್ತಲಿಲ್ಲ.

"ನಾಳಿಗೆ ಹುಬ್ಬಳ್ಳಿಗೆ ಮೊದಲ ಬಸ್ಸ ಎಷ್ಟಕ್ಕೈತಿ?" ಎಂದರು.

ಹೇಳಿದೆ. ಆದರೆ ತುಟಿ ಮಾತ್ರ ಅಲುಗಿತು. ಅವರು ನನ್ನ ಮುಖ ನೋಡಿದರು. ಎಂದಿನ ಆ ನಗೆ ತುಟಿಯ ತನಕ ಬಂದದ್ದು ನನಗೆ ಕಂಡಿತು. ಅದನ್ನು ಅಲ್ಲೇ ನಿಲ್ಲಿಸಿದರು.

"ಜರಾ ಜೋರ ಹೇಳು," ಎಂದರು. "ನನಗ ಕೇಳಸೂದಿಲ್ಲ."